ಎರ್ನ್ಸ್ಟ್ ಜುಂಡೆಲ್‌ಗೆ ಕೆನಡಾ ಪೌರತ್ವ ಯಾಕೆ ಕೊಡಲಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ದ್ವೇಷ ಹರಡುವ ವಲಸಿಗನಿಗೆ ಪೌರತ್ವ ಕೊಡಬೇಕಾ ಬೇಡವಾ ಎಂಬ ಮಾತು ಬಂದಾಗಲೆಲ್ಲ ಕೆನಡಾದ ಈ ಹಳೆಯ ಪ್ರಕರಣ ಎದ್ದು ಬರುತ್ತದೆ. 1958ರಿಂದ 2000ದ ತನಕ ಒಬ್ಬ ಮನುಷ್ಯ ಆ ದೇಶದಲ್ಲಿ ಬದುಕಿದ, ದುಡಿದ, ಮನೆ ಮಾಡಿದ, ಕೋರ್ಟ್ ಅಲೆದ. ಪೌರತ್ವ ಮಾತ್ರ ಸಿಗಲಿಲ್ಲ. ಕೊನೆಗೆ ಅವನನ್ನು ವಿಮಾನ ಹತ್ತಿಸಿ ಹುಟ್ಟಿದ ದೇಶಕ್ಕೆ ಕಳಿಸಿದರು. ಇದರ ಬಗ್ಗೆ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಕೆಲವು ಕಡೆ ನನ್ನ ಅಭಿಪ್ರಾಯವೂ ಇದೆ. ಅದು ಎಲ್ಲಿದೆ ಅನ್ನುವುದು ಓದುವಾಗ ಗೊತ್ತಾಗುತ್ತದೆ.

ಈ ಜುಂಡೆಲ್ ಯಾರು?

1939ರ ಏಪ್ರಿಲ್‌ನಲ್ಲಿ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಕಾಲ್ಂಬಾಖ್ ಎಂಬ ಊರಲ್ಲಿ ಹುಟ್ಟಿದವನು. 19ನೇ ವಯಸ್ಸಿಗೆ, 1958ರಲ್ಲಿ ಕೆನಡಾಕ್ಕೆ ಬಂದ. ಫೋಟೋ ತಿದ್ದುವುದು, ಜಾಹೀರಾತು ಚಿತ್ರ ಮಾಡುವುದು ಅವನ ಕಸುಬು. ಕೆಲಸದಲ್ಲಿ ಚುರುಕು ಅಂತ ಹೆಸರಿತ್ತು. ಮಾಂಟ್ರಿಯಲ್‌ನಲ್ಲಿದ್ದಾಗ ಏಡ್ರಿಯನ್ ಆರ್ಕಾಂಡ್ ಎಂಬ ಕ್ವಿಬೆಕ್‌ನ ಫ್ಯಾಸಿಸ್ಟ್ ನಾಯಕನ ಸಹವಾಸ ಸಿಕ್ಕಿತು. ಅಲ್ಲಿಂದ ಅವನ ತಲೆ ಪೂರ್ತಿ ಆ ಕಡೆ ತಿರುಗಿತು.

ಟೊರೊಂಟೋದ ಕಾರ್ಲ್ಟನ್ ಸ್ಟ್ರೀಟ್‌ನ ತನ್ನ ಮನೆಯಿಂದ ಸಮಿಸ್ಡಾಟ್ ಎಂಬ ಪ್ರಕಾಶನ ನಡೆಸಿದ. ಹಿಟ್ಲರನನ್ನು ಹೊಗಳುವ, ಹೋಲೊಕಾಸ್ಟನ್ನು ನಿರಾಕರಿಸುವ ಪುಸ್ತಕ, ಕರಪತ್ರ, ಕ್ಯಾಸೆಟ್ ಅಲ್ಲಿಂದ ಅಂಚೆಯಲ್ಲಿ ಹಲವು ದೇಶಗಳಿಗೆ ಹೋಗುತ್ತಿದ್ದವು. ಬರೆಯುವಾಗ ಬೇರೆ ಹೆಸರು ಹಾಕಿಕೊಳ್ಳುತ್ತಿದ್ದ. ಆ ಹೆಸರಿನ ಹಿಂದೆ ಇರುವವನು ಇವನೇ ಅಂತ 1970ರ ದಶಕದ ಕೊನೆಗೆ ಪತ್ರಕರ್ತರು ಬಯಲಿಗೆಳೆದರು. ಹಾರುವ ತಟ್ಟೆಗಳು ನಾಜಿಗಳ ಗುಪ್ತ ಆಯುಧ ಅಂತ ಹೇಳುವ ಪುಸ್ತಕಗಳನ್ನೂ ಮಾರಿದ! ಅದು ರೇಡಿಯೋ ಕಾರ್ಯಕ್ರಮಗಳಿಗೆ ಕರೆಸಿಕೊಳ್ಳುವ ಉಪಾಯ. ಹಾರುವ ತಟ್ಟೆ ಅಂತ ಶುರು ಮಾಡಿ, ಮಾತನ್ನು ತನಗೆ ಬೇಕಾದ ಕಡೆಗೆ ಎಳೆಯಬಹುದಲ್ಲ.

ಹೋಲೊಕಾಸ್ಟ್ ನಿರಾಕರಣೆ ಅಂದರೆ ಏನು? ಅದೂ ಒಂದು ಅಭಿಪ್ರಾಯ ತಾನೇ?

ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿ ಜರ್ಮನಿ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತು. ಇದೇ ಹೋಲೊಕಾಸ್ಟ್. ಆಶ್ವಿಟ್ಜ್ ಶಿಬಿರವೊಂದರಲ್ಲೇ ಸುಮಾರು 11 ಲಕ್ಷ ಜನ ಸತ್ತರು, ಅವರಲ್ಲಿ 10 ಲಕ್ಷದಷ್ಟು ಯಹೂದಿಗಳು. ಇದಕ್ಕೆ ನಾಜಿಗಳದೇ ಕಡತಗಳಿವೆ, ಬದುಕಿ ಬಂದವರ ಸಾಕ್ಷ್ಯವಿದೆ, ಕೊಂದವರ ತಪ್ಪೊಪ್ಪಿಗೆ ಇದೆ. ಇದೆಲ್ಲ ಯಹೂದಿಗಳು ಹಣ ಮತ್ತು ಸಹಾನುಭೂತಿಗಾಗಿ ಕಟ್ಟಿದ ಕಥೆ ಅನ್ನುವುದೇ ನಿರಾಕರಣೆ.

ಅಭಿಪ್ರಾಯದ ವೇಷ ಹಾಕಿಕೊಂಡಿರುತ್ತದೆ ನಿಜ. ಒಳಗಿರುವುದು ಇಡೀ ಜನಾಂಗವೇ ಸೇರಿ ಜಗತ್ತಿಗೆ ಮೋಸ ಮಾಡಿದೆ ಎಂಬ ಆರೋಪ. ಅಪ್ಪ ಅಮ್ಮನನ್ನು ಆ ಶಿಬಿರಗಳಲ್ಲಿ ಕಳೆದುಕೊಂಡು ಟೊರೊಂಟೋಗೆ ಬಂದು ನೆಲೆಸಿದವರಿಗೆ, ಅದೇ ಊರಿನ ಒಂದು ಮನೆಯಿಂದ ಇಂಥ ಕರಪತ್ರ ಹೊರಡುತ್ತಿತ್ತು ಅನ್ನುವುದನ್ನು ನೆನಪಿಟ್ಟುಕೊಂಡರೆ ಮುಂದಿನದು ಅರ್ಥವಾಗುತ್ತದೆ.

ಪೌರತ್ವಕ್ಕೆ ಎಷ್ಟು ಸಲ ಅರ್ಜಿ ಹಾಕಿದ?

ಎರಡು ಸಲ. ಮೊದಲನೆಯದು 1960ರ ದಶಕದಲ್ಲಿ, ಎರಡನೆಯದು 1993ರಲ್ಲಿ. ಎರಡೂ ಫಲಿಸಲಿಲ್ಲ. ಆದರೆ ಕಾಯಂ ನಿವಾಸಿಯ ಸ್ಥಾನ, ಈಗ ಜನ ಪಿಆರ್ ಅಂತ ಕರೆಯುವುದು, ಅವನ ಬಳಿ ಇದ್ದೇ ಇತ್ತು. ಅದರ ಮೇಲೇ ದಶಕಗಟ್ಟಲೆ ಬದುಕಿದ.

ಪೌರತ್ವ ಇಲ್ಲದವನು ಪ್ರಧಾನಿಯಾಗಲು ಹೊರಟಿದ್ದನಂತೆ, ನಿಜವಾ?

ಅರ್ಧ ನಿಜ. 1968ರಲ್ಲಿ ಆಗ ಆಳುತ್ತಿದ್ದ ಲಿಬರಲ್ ಪಕ್ಷ ಹೊಸ ನಾಯಕನನ್ನು ಆರಿಸುತ್ತಿತ್ತು. ಗೆದ್ದವರು ನೇರ ಪ್ರಧಾನಿ. ಆ ಸ್ಪರ್ಧೆಗೆ ಜುಂಡೆಲ್ ಕೂಡ ನಿಂತ. ಜರ್ಮನ್ ಮೂಲದವರನ್ನು ಕೀಳಾಗಿ ನೋಡುತ್ತಾರೆ ಅನ್ನುವುದು ಅವನ ಭಾಷಣದ ವಿಷಯ. ಮತದಾನಕ್ಕೆ ಮುಂಚೆಯೇ ಹಿಂದೆ ಸರಿದ. ಆ ಸಲ ಗೆದ್ದವರು ಪಿಯರ್ ಟ್ರುಡೋ.

ಇಷ್ಟೆಲ್ಲ ಮಾಡಿದವನ ಮೇಲೆ ಕೇಸ್ ಹಾಕಲಿಲ್ಲವಾ?

ಹಾಕಿದರು. ಮೊದಲು 1981ರಲ್ಲಿ ಅಂಚೆ ಸೌಲಭ್ಯವನ್ನೇ ತಡೆದರು. ಆದರೆ ಮರುಪರಿಶೀಲನೆಯಲ್ಲಿ ಅದು ನಿಲ್ಲಲಿಲ್ಲ, ಮರುವರ್ಷವೇ ವಾಪಸ್ ಕೊಡಬೇಕಾಯಿತು.

ದೊಡ್ಡ ಕೇಸ್ ಬಂದದ್ದು 1983ರಲ್ಲಿ. ಹಾಕಿದ್ದು ಸರ್ಕಾರವಲ್ಲ, ಸಬೀನಾ ಸಿಟ್ರನ್ ಎಂಬ ಹೆಂಗಸು. ಅವರು ಹೋಲೊಕಾಸ್ಟ್‌ನಿಂದ ಬದುಕಿ ಬಂದವರು. 60 ಲಕ್ಷ ಜನ ನಿಜವಾಗಿ ಸತ್ತರೇ ಅಂತ ಕೇಳುವ ಒಂದು ಕಿರುಪುಸ್ತಕವನ್ನು ಜುಂಡೆಲ್ ಅಚ್ಚು ಹಾಕಿ ಹಂಚಿದ್ದ. ಅದರ ವಿರುದ್ಧ ಅವರು ಖಾಸಗಿ ದೂರು ಕೊಟ್ಟರು. ಕೆನಡಾದಲ್ಲಿ ದ್ವೇಷ ಪ್ರಚಾರದ ಕಲಂ ಆಗಲೇ ಇತ್ತು. ಆದರೆ ಅದನ್ನು ಬಳಸಲು ಪ್ರಾಂತ್ಯದ ಅಟಾರ್ನಿ ಜನರಲ್ ಒಪ್ಪಿಗೆ ಬೇಕು. ಹಾಗಾಗಿ ಸಿಟ್ರನ್ ಬೇರೆ ದಾರಿ ಹಿಡಿದರು. ಸುಳ್ಳು ಸುದ್ದಿ ಹರಡುವುದನ್ನು ಅಪರಾಧ ಅನ್ನುವ ಕಲಂ 181. ಅದರ ಬೇರು ಇಂಗ್ಲೆಂಡಿನ 1275ರ ಒಂದು ಕಾನೂನಿನಲ್ಲಿದೆ. ದೊರೆಗಳ, ಸಾಮಂತರ ಬಗ್ಗೆ ಗಾಳಿಮಾತು ಹಬ್ಬಿಸಬಾರದು ಅಂತ ಮಾಡಿದ್ದು. ಏಳುನೂರು ವರ್ಷ ಹಳೆಯ ಆಯುಧವನ್ನು ಅಟ್ಟದಿಂದ ಇಳಿಸಿದ ಹಾಗಾಯಿತು.

1985ರ ವಿಚಾರಣೆಯಲ್ಲಿ ಏನಾಯಿತು ಅಂತ ಓದಿದರೆ ಈಗಲೂ ಸಂಕಟವಾಗುತ್ತದೆ. ಹೋಲೊಕಾಸ್ಟ್ ನಡೆದದ್ದು ಎಲ್ಲರಿಗೂ ತಿಳಿದ ಸಂಗತಿ, ಅದಕ್ಕೆ ಪುರಾವೆ ಬೇಡ ಅಂತ ಒಪ್ಪಿಕೊಳ್ಳಲು ನ್ಯಾಯಾಧೀಶರು ತಯಾರಿರಲಿಲ್ಲ. ಹಾಗಾಗಿ ಅದನ್ನು ಸಾಬೀತು ಮಾಡುವ ಹೊರೆ ಸರ್ಕಾರಿ ವಕೀಲರ ತಲೆಗೆ ಬಂತು. ಇತಿಹಾಸಕಾರ ರಾವುಲ್ ಹಿಲ್‌ಬರ್ಗ್ ಕಟಕಟೆಯಲ್ಲಿ ನಿಂತರು. 1944ರಲ್ಲಿ ಆಶ್ವಿಟ್ಜ್‌ನಿಂದ ತಪ್ಪಿಸಿಕೊಂಡು ಬಂದು, ಆಮೇಲೆ ವ್ಯಾಂಕೂವರ್‌ನಲ್ಲಿ ನೆಲೆಸಿದ್ದ ರೂಡಾಲ್ಫ್ ವ್ರ್ಬಾ ಕೂಡ ಸಾಕ್ಷಿ ಹೇಳಿದರು. ಜುಂಡೆಲ್‌ನ ವಕೀಲ ಡಗ್ ಕ್ರಿಸ್ಟಿ ಅವರನ್ನು ಸುಳ್ಳುಗಾರರ ಹಾಗೆ ಕೆದಕಿ ಕೆದಕಿ ಪ್ರಶ್ನಿಸಿದ. ಜುಂಡೆಲ್ ಮಾತ್ರ ತಲೆಗೆ ಕಾರ್ಮಿಕರ ಗಟ್ಟಿ ಟೋಪಿ ಹಾಕಿಕೊಂಡು, ಶಿಲುಬೆ ಹೊತ್ತುಕೊಂಡು ಕ್ಯಾಮೆರಾಗಳ ಮುಂದೆ ಬರುತ್ತಿದ್ದ. ಪತ್ರಿಕೆಗಳು ದಿನಾ ಬರೆದವು. ದುಡ್ಡು ಕೊಟ್ಟರೂ ಸಿಗದಷ್ಟು ಪ್ರಚಾರ ಸಿಕ್ಕಿತು.

ತೀರ್ಪು ಬಂದಾಗ ತಪ್ಪಿತಸ್ಥ ಅಂದರು, 15 ತಿಂಗಳ ಶಿಕ್ಷೆ ಆಯಿತು. ವಿಚಾರಣೆ ನಡೆಸಿದ ರೀತಿಯಲ್ಲಿ ದೋಷ ಇದೆ ಅಂತ ಮೇಲಿನ ಕೋರ್ಟ್ 1987ರಲ್ಲಿ ಅದನ್ನು ರದ್ದು ಮಾಡಿತು. 1988ರಲ್ಲಿ ಮತ್ತೆ ವಿಚಾರಣೆ. ಈ ಸಲದ ನ್ಯಾಯಾಧೀಶರು ಹೋಲೊಕಾಸ್ಟ್ ನಡೆದದ್ದನ್ನು ತಿಳಿದ ಸಂಗತಿ ಅಂತಲೇ ತೆಗೆದುಕೊಂಡರು. ಜುಂಡೆಲ್ ಕಡೆಯವರು ಅಮೆರಿಕದಲ್ಲಿ ಮರಣದಂಡನೆಯ ಯಂತ್ರಗಳ ಸಲಹೆಗಾರನಾಗಿದ್ದ ಫ್ರೆಡ್ ಲಾಯ್ಕ್ಟರ್ ಎಂಬವನನ್ನು ಪೋಲೆಂಡಿಗೆ ಕಳಿಸಿ, ಅಲ್ಲಿಯ ನಾಜಿ ಶಿಬಿರಗಳ ಗೋಡೆ ಕೆರೆಸಿ, ಅಲ್ಲಿ ವಿಷಾನಿಲದಿಂದ ಯಾರನ್ನೂ ಕೊಂದಿಲ್ಲ ಅನ್ನುವ ಒಂದು ವರದಿ ತರಿಸಿದ್ದರು. ಅದನ್ನು ತಜ್ಞರ ಪುರಾವೆ ಅಂತ ಕೋರ್ಟ್ ಒಪ್ಪಲಿಲ್ಲ. ಮತ್ತೆ ತಪ್ಪಿತಸ್ಥ, 9 ತಿಂಗಳು.

ಹಾಗಾದರೆ ಸುಪ್ರೀಂ ಕೋರ್ಟ್ ಬಿಟ್ಟದ್ದು ಯಾಕೆ?

1992ರ ಆಗಸ್ಟ್ 27ರಂದು ಕೆನಡಾದ ಸುಪ್ರೀಂ ಕೋರ್ಟ್ ಆ ಕಲಂ 181 ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿ ಹೊಡೆದುಹಾಕಿತು. ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆ. ಬಹುಮತದ ತೀರ್ಪು ಬರೆದವರು ಬೆವರ್ಲಿ ಮೆಕ್ಲಾಕ್ಲಿನ್. ಕಲಂ ತೀರಾ ಅಗಲವಾಗಿದೆ, ಸರ್ಕಾರಕ್ಕೆ ಆಗದ ಯಾರ ಮಾತನ್ನು ಬೇಕಾದರೂ ಇದರಡಿ ಸುಳ್ಳು ಸುದ್ದಿ ಅನ್ನಬಹುದು ಅನ್ನುವುದು ಅವರ ಆತಂಕ.

ಜುಂಡೆಲ್ ಹೇಳಿದ್ದು ಸರಿ ಅಂತ ಆ ತೀರ್ಪಿನಲ್ಲಿ ಎಲ್ಲೂ ಇಲ್ಲ. ಬಿದ್ದದ್ದು ಕಾನೂನು. ಆದರೆ ಅವನ ಅಭಿಮಾನಿಗಳು ಇದನ್ನು ಸತ್ಯಕ್ಕೆ ಸಿಕ್ಕ ಗೆಲುವು ಅಂತ ಊರೆಲ್ಲ ಸಾರಿದರು. ಈಗಲೂ ಸಾರುತ್ತಾರೆ.

ಕೋರ್ಟೇ ಬಿಟ್ಟವನಿಗೆ ಪೌರತ್ವ ತಡೆಯುವುದು ಹೇಗೆ ಸಾಧ್ಯ?

ಶಿಕ್ಷೆ ರದ್ದಾದ ಮೇಲೆ ಅವನ ಮೇಲೆ ಕಳಂಕ ಇಲ್ಲ, ಅರ್ಜಿ ಹಾಕಬಹುದು. 1993ರಲ್ಲಿ ಹಾಕಿದ್ದೂ ಅದಕ್ಕೇ. ವಾಸದ ಅವಧಿ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಭಾಷೆಯ ತೊಂದರೆ ಇರಲಿಲ್ಲ.

ಆದರೆ ಪೌರತ್ವ ಕಾಯ್ದೆಯಲ್ಲಿ ಇನ್ನೊಂದು ಬಾಗಿಲು ಇದೆ. ಅರ್ಜಿದಾರ ಕೆನಡಾದ ಭದ್ರತೆಗೆ ಬೆದರಿಕೆಯಾಗುವ ಕೆಲಸ ಮಾಡುತ್ತಾನೆ ಅಂತ ನಂಬಲು ಕಾರಣವಿದೆ ಅಂತ ಸಚಿವರಿಗೆ ಅನ್ನಿಸಿದರೆ, ಅವರು ವಿಷಯವನ್ನು ಆಗ ಗುಪ್ತಚರ ಕೆಲಸದ ಮೇಲೆ ಕಣ್ಣಿಡುತ್ತಿದ್ದ ಸಮಿತಿಗೆ ಕಳಿಸಬಹುದಿತ್ತು. ಸಮಿತಿ ತನಿಖೆ ಮಾಡಿ ವರದಿ ಕೊಡುತ್ತಿತ್ತು. ಅದನ್ನು ನೋಡಿ ಸಂಪುಟ ಘೋಷಣೆ ಹೊರಡಿಸಿದರೆ ಪೌರತ್ವ ಇಲ್ಲ. ಘೋಷಣೆಯ ಆಯುಸ್ಸು ಎರಡು ವರ್ಷ. ಆಮೇಲೆ ಬೇಕಾದರೆ ಹೊಸದು ಹೊರಡಿಸಬೇಕು. 1995ರಲ್ಲಿ ಪೌರತ್ವ ಸಚಿವ ಸೆರ್ಜಿಯೋ ಮಾರ್ಕಿ ಮತ್ತು ಸಾಲಿಸಿಟರ್ ಜನರಲ್ (ಅಲ್ಲಿ ಗುಪ್ತಚರ ಸಂಸ್ಥೆಯ ಹೊಣೆ ಹೊತ್ತ ಸಚಿವ) ಹರ್ಬ್ ಗ್ರೇ ಜುಂಡೆಲ್‌ನ ಅರ್ಜಿಯನ್ನು ಈ ದಾರಿಗೆ ಹಾಕಿದರು.

ವ್ಯತ್ಯಾಸ ಗಮನಿಸಿ. ಜೈಲಿಗೆ ಹಾಕಬೇಕಾದರೆ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಅಪರಾಧ ಸಾಬೀತಾಗಬೇಕು. ಪೌರತ್ವ ತಡೆಯಲು ನಂಬುವುದಕ್ಕೆ ತಕ್ಕ ಕಾರಣ ಇದ್ದರೆ ಸಾಕು. ಇದು ಅನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಜೈಲಿಗೆ ಹೋಗದೆ ಇರುವುದು ಹಕ್ಕು. ಹೊಸದಾಗಿ ಒಂದು ದೇಶದ ಪೌರನಾಗುವುದು ಆ ದೇಶ ಒಪ್ಪಿ ಕೊಡುವಂಥದ್ದು. ಎರಡಕ್ಕೂ ಒಂದೇ ಅಳತೆ ಇಡಲು ಆಗುವುದಿಲ್ಲ.

ಬರೀ ಬರೆದವನು, ಮಾತಾಡಿದವನು ಭದ್ರತೆಗೆ ಬೆದರಿಕೆ ಹೇಗಾಗುತ್ತಾನೆ?

ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ಕೆನಡಾದ ಕಾನೂನಿನಲ್ಲಿ ಕೆಟ್ಟ ಅಭಿಪ್ರಾಯ ಇಟ್ಟುಕೊಂಡರೆ ಭದ್ರತೆಗೆ ಬೆದರಿಕೆ ಅಂತಾಗುವುದಿಲ್ಲ. ರಾಜಕೀಯ ಗುರಿಗಾಗಿ ನಡೆಯುವ ಗಂಭೀರ ಹಿಂಸೆಗೆ ನಂಟು ಇರಬೇಕು. ಜುಂಡೆಲ್ ಯಾರಿಗೂ ಹೊಡೆದವನಲ್ಲ. ತಾನು ಶಾಂತಿವಾದಿ ಅಂತಲೇ ಹೇಳಿಕೊಳ್ಳುತ್ತಿದ್ದ.

ಸರ್ಕಾರದ ವಾದ ಬೇರೆ. ಅವನ ಮನೆ ಬಿಳಿ ಜನಾಂಗವೇ ಮೇಲು ಅನ್ನುವವರ ಅಡ್ಡೆಯಾಗಿತ್ತು. ಟೊರೊಂಟೋದಲ್ಲಿ 1989ರಲ್ಲಿ ಹುಟ್ಟಿದ ಹೆರಿಟೇಜ್ ಫ್ರಂಟ್ ಎಂಬ ಗುಂಪಿನ ಹುಡುಗರು ಅಲ್ಲಿ ಬಂದು ಹೋಗುತ್ತಿದ್ದರು. ಜರ್ಮನಿಯ, ಅಮೆರಿಕದ ನವ ನಾಜಿ ನಾಯಕರ ಜೊತೆ ಅವನಿಗೆ ಒಡನಾಟ ಇತ್ತು. ಅವರಲ್ಲಿ ಕೆಲವರು ಹಿಂಸೆಯನ್ನು ಬಹಿರಂಗವಾಗಿ ಬೆಂಬಲಿಸುವವರು. ಇವನು ಆ ಬಳಗಕ್ಕೆ ಹಿರಿಯನ ಹಾಗೆ. ತನ್ನ ಕೈ ಕೊಳೆ ಮಾಡಿಕೊಳ್ಳುವುದಿಲ್ಲ, ಆದರೆ ಬೇರೆಯವರ ಕೈ ಮೇಲೆ ಏಳುವುದಕ್ಕೆ ಬೇಕಾದ ನಂಬಿಕೆಯನ್ನೂ ನೆರವನ್ನೂ ಕೊಡುತ್ತಾನೆ ಅನ್ನುವುದು ಆರೋಪ. 2005ರಲ್ಲಿ ಫೆಡರಲ್ ಕೋರ್ಟ್ ನ್ಯಾಯಾಧೀಶ ಪಿಯರ್ ಬ್ಲೇ ಹೆಚ್ಚುಕಡಿಮೆ ಇದನ್ನೇ ಒಪ್ಪಿದರು. ಶಾಂತಿವಾದ ಬರೀ ವೇಷ ಅಂದರು.

ನನ್ನ ಮಟ್ಟಿಗೆ ಈ ವಾದದಲ್ಲಿ ತೂಕ ಇದೆ. ಆದರೆ ಅದು ನಿಲ್ಲುವುದು ಒಡನಾಟದ ಪುರಾವೆಯ ಮೇಲೆ. ಆ ಪುರಾವೆಯ ಒಂದು ಭಾಗವನ್ನು ಜನರಿಗಾಗಲಿ ಜುಂಡೆಲ್‌ಗಾಗಲಿ ತೋರಿಸಲೇ ಇಲ್ಲ. ಅದು ಮುಂದೆ ಬರುತ್ತದೆ.

ಸಮಿತಿಯೇ ಪಕ್ಷಪಾತಿ ಅಂತ ಅವನು ಕೋರ್ಟಿಗೆ ಹೋದನಂತೆ?

ಹೋದ. ಅದಕ್ಕೊಂದು ಸ್ವಾರಸ್ಯದ ಹಿನ್ನೆಲೆ ಇದೆ. 1994ರಲ್ಲಿ ಟೊರೊಂಟೋದ ಪತ್ರಿಕೆಯೊಂದು ಸುದ್ದಿ ಸ್ಫೋಟಿಸಿತು. ಹೆರಿಟೇಜ್ ಫ್ರಂಟ್ ಕಟ್ಟಿದವರಲ್ಲಿ ಒಬ್ಬನಾದ ಗ್ರಾಂಟ್ ಬ್ರಿಸ್ಟೋ ನಿಜವಾಗಿ ಗುಪ್ತಚರ ಸಂಸ್ಥೆಯ ಮಾಹಿತಿದಾರ! ಸರ್ಕಾರದ ದುಡ್ಡಲ್ಲೇ ನವ ನಾಜಿ ಗುಂಪು ಬೆಳೆಯಿತಾ ಅಂತ ಗಲಾಟೆ ಎದ್ದಿತು. ಇದೇ ಸಮಿತಿ ಅದರ ತನಿಖೆ ಮಾಡಿತು. ಆ ವರದಿಯಲ್ಲಿ ಜುಂಡೆಲ್ ಬಗ್ಗೆಯೂ ಒಳ್ಳೆಯದಲ್ಲದ ಮಾತುಗಳಿದ್ದವು. ಮುಂಚೆಯೇ ನನ್ನ ಬಗ್ಗೆ ತೀರ್ಮಾನ ಮಾಡಿದವರು ಈಗ ನನ್ನ ಅರ್ಜಿ ನೋಡುವುದು ಹೇಗೆ ಅಂತ ಅವನು ಕೇಳಿದ.

ಕೆಳಗಿನ ಕೋರ್ಟ್ 1996ರಲ್ಲಿ ಅವನ ಮಾತು ಒಪ್ಪಿತು. 1997ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಿರುವಿಹಾಕಿ, ಸಮಿತಿ ಮುಂದುವರಿಯಬಹುದು ಅಂದಿತು. ಹೀಗೆ ವರ್ಷಗಳು ಕಳೆದವು. ಅರ್ಜಿ ದಡ ಸೇರಲಿಲ್ಲ.

ಅವನ ಮೇಲೂ ದಾಳಿ ನಡೆದಿತ್ತಾ?

ನಡೆದಿತ್ತು. 1995ರ ಮೇ ತಿಂಗಳಲ್ಲಿ ಕಾರ್ಲ್ಟನ್ ಸ್ಟ್ರೀಟ್‌ನ ಮನೆಗೆ ಯಾರೋ ಬೆಂಕಿ ಇಟ್ಟರು. ನಷ್ಟ ಸುಮಾರು 4 ಲಕ್ಷ ಡಾಲರ್. ಅದೇ ತಿಂಗಳು ಅಂಚೆಯಲ್ಲಿ ಪೈಪ್ ಬಾಂಬ್ ಬಂತು, ಪೊಲೀಸರು ಅದನ್ನು ಒಯ್ದು ಸ್ಫೋಟಿಸಿದರು. ಇದೂ ಅಪರಾಧವೇ, ಎರಡು ಮಾತಿಲ್ಲ.

ಕೆನಡಾ ಬಿಟ್ಟು ಹೋದವನು ಮತ್ತೆ ಹೇಗೆ ಬಂದ?

2000ದ ಹೊತ್ತಿಗೆ ಅಮೆರಿಕದ ಟೆನೆಸಿ ರಾಜ್ಯಕ್ಕೆ ಹೋದ. ಅಲ್ಲಿ ಇಂಗ್ರಿಡ್ ರಿಮ್‌ಲ್ಯಾಂಡ್‌ಳನ್ನು ಮದುವೆಯಾಗಿದ್ದ. ಅವನ ಹೆಸರಿನ ವೆಬ್‌ಸೈಟನ್ನು ಅಮೆರಿಕದಿಂದ ನಡೆಸುತ್ತಿದ್ದವಳು ಅವಳೇ. 2003ರ ಫೆಬ್ರವರಿ 5ರಂದು ವಲಸೆ ನಿಯಮ ಮೀರಿದ ಅಂತ ಅಮೆರಿಕದ ಅಧಿಕಾರಿಗಳು ಹಿಡಿದರು. ಎರಡು ವಾರದಲ್ಲಿ, ಫೆಬ್ರವರಿ 19ಕ್ಕೆ, ಕೆನಡಾಕ್ಕೆ ತಂದು ಬಿಟ್ಟರು.

ಇಷ್ಟರಲ್ಲಿ ಕೆನಡಾದ ಕಾಯಂ ನಿವಾಸಿ ಸ್ಥಾನವೂ ಕೈತಪ್ಪಿತ್ತು. ದೇಶದಿಂದ ಬಹಳ ಕಾಲ ಹೊರಗಿದ್ದನಲ್ಲ. 42 ವರ್ಷ ಬದುಕಿದ ಊರಿಗೆ ಈಗ ಪೂರ್ತಿ ಪರದೇಶಿಯಾಗಿ ಬಂದಿಳಿದ.

ನಿರಾಶ್ರಿತ ಅಂತ ಹೇಳಿಕೊಂಡದ್ದು ನಿಜವಾ?

ನಿಜ. ಜರ್ಮನಿಗೆ ಕಳಿಸಿದರೆ ನನ್ನ ವಿಚಾರಗಳಿಗಾಗಿ ಜೈಲಿಗೆ ಹಾಕುತ್ತಾರೆ, ಆಶ್ರಯ ಕೊಡಿ ಅಂತ ಕೇಳಿದ. ಹಿಟ್ಲರನಿಂದ ತಪ್ಪಿಸಿಕೊಂಡು ಓಡಿದವರ ನೆನಪಲ್ಲಿ ಕಟ್ಟಿದ ನಿರಾಶ್ರಿತರ ವ್ಯವಸ್ಥೆಯ ಮುಂದೆ, ಹಿಟ್ಲರನನ್ನು ಹೊಗಳುವವನು ಕೈ ಚಾಚಿ ನಿಂತ. ಭದ್ರತಾ ಪ್ರಮಾಣಪತ್ರ ಬಂದ ಮೇಲೆ ಆ ಅರ್ಜಿ ಅಲ್ಲಿಗೇ ನಿಂತಿತು.

ಭದ್ರತಾ ಪ್ರಮಾಣಪತ್ರ ಅಂದರೆ ಏನು?

ಕೆನಡಾದ ವಲಸೆ ಕಾನೂನಿನ ಅತಿ ಹರಿತವಾದ ಅಸ್ತ್ರ. ಇಬ್ಬರು ಸಚಿವರು ಸಹಿ ಹಾಕಿ, ಈ ಮನುಷ್ಯ ಭದ್ರತೆಗೆ ಅಪಾಯ ಅಂತ ಹೇಳುತ್ತಾರೆ. ಫೆಡರಲ್ ಕೋರ್ಟಿನ ಒಬ್ಬ ನ್ಯಾಯಾಧೀಶರು ಅದು ಸಮಂಜಸವಾ ಅಂತ ನೋಡುತ್ತಾರೆ. ಹೌದು ಅಂದರೆ ಅದೇ ಗಡೀಪಾರು ಆದೇಶ. ಆಗಿನ ಕಾನೂನಿನಲ್ಲಿ ಮೇಲ್ಮನವಿ ಇರಲಿಲ್ಲ. ಗುಪ್ತ ಮಾಹಿತಿಯನ್ನು ನ್ಯಾಯಾಧೀಶರು ನೋಡಬಹುದು. ಆರೋಪಿಗೂ ಅವನ ವಕೀಲರಿಗೂ ಸಿಗುವುದು ಅದರ ಸಾರಾಂಶ ಮಾತ್ರ.

ಇದನ್ನು ಕೆನಡಾದ ಪೌರನ ಮೇಲೆ ಬಳಸುವ ಹಾಗಿಲ್ಲ. ಪೌರನಲ್ಲದವನ ಮೇಲೆ ಮಾತ್ರ.

ಜುಂಡೆಲ್ ವಿರುದ್ಧ 2003ರ ಮೇ 1ರಂದು ಸಚಿವರಾದ ಡೆನಿಸ್ ಕೊಡೇರ್ ಮತ್ತು ವೇನ್ ಈಸ್ಟರ್ ಸಹಿ ಹಾಕಿದರು. ಅವನನ್ನು ಒಂಟಿ ಕೋಣೆಯಲ್ಲಿ ಇಟ್ಟರು. ಎರಡು ವರ್ಷ ಹಾಗೇ ಕಳೆಯಿತು. 2005ರ ಫೆಬ್ರವರಿ 24ರಂದು ಬ್ಲೇ ಅವರು ಪ್ರಮಾಣಪತ್ರ ಸರಿ ಅಂದರು. ಮಾರ್ಚ್ 1ಕ್ಕೆ ವಿಮಾನ ಹತ್ತಿಸಿದರು.

ಈ ರೀತಿ ಮಾಡಿದ್ದು ಸರಿಯಾ?

ನನ್ನ ಉತ್ತರ ಎರಡು ತುಂಡು.

ಪೌರತ್ವ ಕೊಡದೆ ಇದ್ದದ್ದು ಸರಿ. ಅರ್ಜಿ ಬಂದಾಗ ದೇಶ ಯೋಚಿಸಬಹುದು. ನೆರೆಹೊರೆಯ ಒಂದು ಸಮುದಾಯವನ್ನೇ ಮೋಸಗಾರರು ಅನ್ನುತ್ತಾ, ಹಿಂಸೆಯ ಗುಂಪುಗಳಿಗೆ ಮನೆ ಬಾಗಿಲು ತೆರೆದಿಟ್ಟವನಿಗೆ, ಬಾ ನೀನೂ ನಮ್ಮವನು ಅಂತ ಹೇಳಬೇಕಾದ ಹಂಗು ಯಾವ ದೇಶಕ್ಕೂ ಇಲ್ಲ.

ಆದರೆ ಎರಡು ವರ್ಷ ಒಂಟಿ ಕೋಣೆ, ಕಾಣದ ಪುರಾವೆ, ಮೇಲ್ಮನವಿ ಇಲ್ಲ ಅನ್ನುವುದನ್ನು ಒಪ್ಪಲಾರೆ. ತೀರ್ಪು ಕೊಟ್ಟ ನ್ಯಾಯಾಧೀಶರೇ 1989-90ರಲ್ಲಿ ಗುಪ್ತಚರ ಸಂಸ್ಥೆಯ ಹೊಣೆ ಹೊತ್ತ ಸಾಲಿಸಿಟರ್ ಜನರಲ್ ಆಗಿದ್ದವರು. ಈ ಕೇಸಿನಿಂದ ಹಿಂದೆ ಸರಿಯಿರಿ ಅಂತ ಜುಂಡೆಲ್ ಕಡೆಯವರು ಕೇಳಿದರೂ ಸರಿಯಲಿಲ್ಲ. ಇಂಥ ಕಡೆ ಎಡವಿದರೆ ದ್ವೇಷ ಹರಡುವವನಿಗೇ ಹುತಾತ್ಮನ ಪಟ್ಟ ಸಿಗುತ್ತದೆ. ಸಿಕ್ಕಿತು ಕೂಡ. ಅವನ ವಿಚಾರಗಳನ್ನು ಕಂಡರಾಗದ ಪತ್ರಕರ್ತರು, ವಾಕ್ ಸ್ವಾತಂತ್ರ್ಯದ ಪರ ಇರುವವರು ಕೂಡ ಈ ವಿಧಾನವನ್ನು ಪ್ರಶ್ನಿಸಿದರು.

ಇದೇ ಅಸ್ತ್ರವನ್ನು ಆ ವರ್ಷಗಳಲ್ಲಿ ಹಲವು ಮುಸ್ಲಿಂ ವಲಸಿಗರ ಮೇಲೂ ಬಳಸಿದರು. ಅವರಲ್ಲಿ ಮೊರಾಕೊ ಮೂಲದ ಆದಿಲ್ ಶರ್ಕಾವಿ ಸುಪ್ರೀಂ ಕೋರ್ಟ್ ತನಕ ಹೋದರು. 2007ರ ಫೆಬ್ರವರಿ 23ರಂದು ಕೋರ್ಟ್ ಈ ಗುಪ್ತ ವಿಧಾನ ಸಂವಿಧಾನಕ್ಕೆ ಒಪ್ಪುವುದಿಲ್ಲ ಅಂದಿತು. 2008ರಿಂದ, ಗುಪ್ತ ಪುರಾವೆ ನೋಡಿ ಆರೋಪಿಯ ಪರ ಪ್ರಶ್ನೆ ಎತ್ತುವ ವಿಶೇಷ ವಕೀಲರ ಏರ್ಪಾಡು ಬಂತು. ಜುಂಡೆಲ್ ಪಾಲಿಗೆ ಅದು ತಡವಾಯಿತು. ಅಷ್ಟರಲ್ಲಿ ಅವನು ಜರ್ಮನಿಯ ಜೈಲಿನಲ್ಲಿದ್ದ.

ಜರ್ಮನಿಯಲ್ಲಿ ಏನಾಯಿತು? ಬರೆದದ್ದೆಲ್ಲ ಕೆನಡಾದಲ್ಲಿ ಅಲ್ವಾ?

ಜರ್ಮನಿಯ ದಂಡ ಸಂಹಿತೆಯ ಕಲಂ 130 ಜನರನ್ನು ಒಬ್ಬರ ಮೇಲೊಬ್ಬರು ಎತ್ತಿಕಟ್ಟುವುದನ್ನು ಶಿಕ್ಷಿಸುತ್ತದೆ. 1994ರಲ್ಲಿ ಹೋಲೊಕಾಸ್ಟ್ ನಿರಾಕರಣೆಯನ್ನೂ ಅದಕ್ಕೆ ಸೇರಿಸಿದರು. ವಿದೇಶದಲ್ಲಿ ಕೂತು ಹಾಕಿದ ವೆಬ್‌ಸೈಟ್ ಜರ್ಮನಿಯಲ್ಲಿ ತೆರೆದರೂ ಈ ಕಲಂ ಅನ್ವಯಿಸುತ್ತದೆ ಅಂತ ಅಲ್ಲಿಯ ಫೆಡರಲ್ ಸರ್ವೋಚ್ಚ ನ್ಯಾಯಾಲಯ 2000ದ ಡಿಸೆಂಬರ್‌ನಲ್ಲಿ ಹೇಳಿತ್ತು. ಅದು ಫ್ರೆಡ್ರಿಕ್ ಟೋಬೆನ್ ಎಂಬ ಆಸ್ಟ್ರೇಲಿಯಾದ ನಿರಾಕರಣೆಗಾರನ ಕೇಸ್.

ವಿಮಾನ ಇಳಿಯುತ್ತಿದ್ದಂತೆ ಜುಂಡೆಲ್‌ನನ್ನು ಹಿಡಿದರು. ಮ್ಯಾನ್‌ಹೈಮ್ ನಗರದಲ್ಲಿ ವಿಚಾರಣೆ ನಡೆಯಿತು. ಅಲ್ಲೂ ದೊಡ್ಡ ನಾಟಕ. ಅವನ ವಕೀಲೆ ಸಿಲ್ವಿಯಾ ಸ್ಟೋಲ್ಜ್ ಕೋರ್ಟಿನಲ್ಲೇ ಹೋಲೊಕಾಸ್ಟ್ ನಿರಾಕರಿಸಿ ಹೊರಬಿದ್ದಳು, ಆಮೇಲೆ ಅವಳೂ ಜೈಲು ಕಂಡಳು. 2007ರ ಫೆಬ್ರವರಿ 15ರಂದು ಜುಂಡೆಲ್‌ಗೆ 5 ವರ್ಷ ಶಿಕ್ಷೆ ಆಯಿತು. ಆ ಕಲಂ ಅಡಿ ಅದೇ ಗರಿಷ್ಠ. ಕೆನಡಾದಲ್ಲಿ ಕಳೆದ ಎರಡು ವರ್ಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 2010ರ ಮಾರ್ಚ್ 1ರಂದು ಬಿಡುಗಡೆ. 2017ರ ಆಗಸ್ಟ್‌ನಲ್ಲಿ, 78ನೇ ವಯಸ್ಸಿನಲ್ಲಿ, ಹುಟ್ಟೂರಿನ ಸೀಮೆಯಲ್ಲೇ ತೀರಿಕೊಂಡ.

ಒಂದು ವೇಳೆ ಪೌರತ್ವ ಸಿಕ್ಕಿದ್ದರೆ?

ಟೊರೊಂಟೋದಲ್ಲೇ ಇರುತ್ತಿದ್ದ. ಪೌರನನ್ನು ಗಡೀಪಾರು ಮಾಡಲು ಆಗುವುದಿಲ್ಲ, ಭದ್ರತಾ ಪ್ರಮಾಣಪತ್ರ ಹೊರಡಿಸಲು ಆಗುವುದಿಲ್ಲ.

ಇದಕ್ಕೆ ಹೋಲಿಕೆ ಬೇಕಾದರೆ ಜೇಮ್ಸ್ ಕೀಗ್‌ಸ್ಟ್ರಾ ಇದ್ದಾನೆ. ಆಲ್ಬರ್ಟಾ ಪ್ರಾಂತ್ಯದ ಎಕ್‌ವಿಲ್ ಎಂಬ ಸಣ್ಣ ಊರಿನ ಶಾಲೆ ಮೇಷ್ಟ್ರು, ಅದೇ ಊರಿನ ಮೇಯರ್ ಕೂಡ. ಯಹೂದಿಗಳು ಪಿತೂರಿಗಾರರು, ಹೋಲೊಕಾಸ್ಟ್ ಕಟ್ಟುಕಥೆ ಅಂತ ತರಗತಿಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತಿದ್ದ. ಹಾಗೆ ಬರೆದ ಮಕ್ಕಳಿಗೇ ಅಂಕ. ಅವನ ಮೇಲೆ ದ್ವೇಷ ಪ್ರಚಾರದ ಕಲಂ ಬಿತ್ತು. 1990ರಲ್ಲಿ ಸುಪ್ರೀಂ ಕೋರ್ಟ್ ಆ ಕಲಂ ಸರಿ ಅಂತ ಎತ್ತಿಹಿಡಿಯಿತು, ಅಲ್ಲೂ ನಾಲ್ಕಕ್ಕೆ ಮೂರು. ಕೆಲಸ ಹೋಯಿತು, ಶಿಕ್ಷೆ ಆಯಿತು. ಆದರೆ ಕೊನೆಯ ತನಕ ತನ್ನ ದೇಶದಲ್ಲೇ ಇದ್ದ. ಇಬ್ಬರ ಮಾತೂ ಒಂದೇ. ಕೀಗ್‌ಸ್ಟ್ರಾ ಕೇಳುಗರು ಇನ್ನೂ ಎಳೆಯರು. ಆದರೂ ಒಬ್ಬನಿಗೆ ಸಮುದಾಯ ಸೇವೆಯ ಶಿಕ್ಷೆ, ಇನ್ನೊಬ್ಬನಿಗೆ ಒಂಟಿ ಕೋಣೆ ಮತ್ತು ವಿಮಾನ. ಪಾಸ್‌ಪೋರ್ಟ್ ಯಾವುದು ಅನ್ನುವುದು ಇಷ್ಟು ದೊಡ್ಡ ಅಂತರ ಮಾಡಿತು.

ಹಾಗಾಗಿ ಈ ಪ್ರಕರಣವನ್ನು ನೋಡಿ ಕೆನಡಾ ದ್ವೇಷವನ್ನು ಗೆದ್ದಿತು ಅಂತ ಹೇಳುವವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮಾತಿನ ಮೇಲೆ ಹಾಕಿದ ಕೇಸ್ ಬಿದ್ದುಹೋಯಿತು. ಆಮೇಲೆ ಸಿಕ್ಕಿದ್ದು ವಲಸೆ ಕಾನೂನಿನ ದಾರಿ. ಅವನು ಹೊರಗಿನವನು ಆಗಿದ್ದರಿಂದ ಅದು ನಡೆಯಿತು.

ವೆಬ್‌ಸೈಟ್ ಮುಚ್ಚಿಸಿದರಾ?

ಪ್ರಯತ್ನ ಪಟ್ಟರು. ಕೆನಡಾದ ಮಾನವ ಹಕ್ಕುಗಳ ನ್ಯಾಯಮಂಡಳಿಯ ಮುಂದೆ ದೂರು ಹೋಯಿತು. ಕೊಟ್ಟವರು ಮತ್ತೆ ಸಬೀನಾ ಸಿಟ್ರನ್, ಜೊತೆಗೆ ಟೊರೊಂಟೋ ಮೇಯರ್‌ರ ಒಂದು ಸಮಿತಿ. ಫೋನ್ ತಂತಿಯ ಮೂಲಕ ದ್ವೇಷ ಹರಡಬಾರದು ಅನ್ನುವ ಕಲಂ 13 ಇಂಟರ್ನೆಟ್ಟಿಗೂ ಹೊಂದುತ್ತದಾ ಅನ್ನುವುದೇ ಪ್ರಶ್ನೆ. 2002ರ ಜನವರಿಯಲ್ಲಿ ಹೊಂದುತ್ತದೆ ಅಂದರು, ನಿಲ್ಲಿಸು ಅಂತ ಆದೇಶ ಕೊಟ್ಟರು. ಸೈಟ್ ಅಮೆರಿಕದಲ್ಲಿತ್ತು, ಅವನೂ ಅಲ್ಲೇ ಇದ್ದ. ಆದೇಶ ಕಾಗದದಲ್ಲೇ ಉಳಿಯಿತು. ಆ ಕಲಂ 13ನ್ನು ಸಂಸತ್ತು 2013ರಲ್ಲಿ ತೆಗೆದುಹಾಕಿತು.

ಈಗ ಕೆನಡಾದಲ್ಲಿ ಹೋಲೊಕಾಸ್ಟ್ ನಿರಾಕರಣೆ ಅಪರಾಧವಾ?

ಹೌದು, 2022ರಿಂದ. ಖಾಸಗಿ ಮಾತುಕತೆಯಲ್ಲಿ ಹೇಳಿದ್ದಕ್ಕೆ ಅಲ್ಲ. ಬೇಕೆಂದೇ ಯಹೂದಿ ದ್ವೇಷ ಹರಡಲು ಹೋಲೊಕಾಸ್ಟನ್ನು ನಿರಾಕರಿಸಿದರೆ, ಸಮರ್ಥಿಸಿದರೆ, ಹಗುರ ಮಾಡಿದರೆ 2 ವರ್ಷದ ತನಕ ಜೈಲು ಆಗಬಹುದು.

ಭಾರತದಲ್ಲಿ ಇಂಥ ಅರ್ಜಿ ಬಂದರೆ?

ಇಷ್ಟೊಂದು ಕೋರ್ಟ್ ಅಲೆದಾಟ ಇರುವುದಿಲ್ಲ. 1955ರ ಪೌರತ್ವ ಕಾಯ್ದೆಯಲ್ಲಿ, ನೈಸರ್ಗೀಕರಣದ ಮೂಲಕ ಪೌರನಾಗುವವನು ಒಳ್ಳೆಯ ನಡತೆಯವನಾಗಿರಬೇಕು, ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಸಾಕಷ್ಟು ಬಲ್ಲವನಾಗಿರಬೇಕು ಅಂತಿದೆ. ಕನ್ನಡ ಬಂದರೂ ಸಾಕು! ಆದರೆ ಕಲಂ 14 ಓದಿ ನೋಡಿ. ಅರ್ಜಿ ಒಪ್ಪುವುದು ಬಿಡುವುದು ಸರ್ಕಾರದ ವಿವೇಚನೆ, ಕಾರಣ ಹೇಳಬೇಕಾಗಿಲ್ಲ. ಸಚಿವರು, ಸಮಿತಿ, ಸಂಪುಟ, ಫೆಡರಲ್ ಕೋರ್ಟ್ ಅಂತ ಕೆನಡಾ ಹತ್ತು ವರ್ಷ ತೆಗೆದುಕೊಂಡಿತಲ್ಲ, ಆ ಕೆಲಸ ನಮ್ಮಲ್ಲಿ ಒಂದು ಸಾಲಿನ ಪತ್ರದಲ್ಲಿ ಮುಗಿಯಬಹುದು. ಅನುಕೂಲವೇ, ಆದರೆ ಆ ಪತ್ರ ನಿರಪರಾಧಿಗೂ ಬರಬಹುದಲ್ಲ.

ಕೆನಡಾದಲ್ಲಿ ಪಿಆರ್ ಇರುವ ಕನ್ನಡಿಗರು ಇದರಿಂದ ಹೆದರಬೇಕಾ?

ಹೆದರಬೇಕಾಗಿಲ್ಲ. ಭದ್ರತೆಯ ಕಾರಣಕ್ಕೆ ಪೌರತ್ವ ತಡೆಯುವುದು ತೀರಾ ಅಪರೂಪ. ಸರ್ಕಾರವನ್ನು ಟೀಕಿಸಿದ್ದಕ್ಕೆ, ಮೆರವಣಿಗೆಗೆ ಹೋದದ್ದಕ್ಕೆ ಈ ಕಲಂ ಬಳಸುವ ಹಾಗಿಲ್ಲ. ಕಾನೂನುಬದ್ಧ ಪ್ರತಿಭಟನೆಯನ್ನು ಬೆದರಿಕೆಯ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ.

ನಮ್ಮವರು ನಿಜವಾಗಿ ಗಮನಿಸಬೇಕಾದದ್ದು ದಿನಗಳ ಲೆಕ್ಕ. ಪೌರತ್ವಕ್ಕೆ ಅರ್ಜಿ ಹಾಕುವ ಮುಂಚಿನ ಐದು ವರ್ಷದಲ್ಲಿ 1095 ದಿನ ಕೆನಡಾದಲ್ಲಿ ಇದ್ದಿರಬೇಕು. ಪಿಆರ್ ಉಳಿಸಿಕೊಳ್ಳಲು ಐದು ವರ್ಷದಲ್ಲಿ 730 ದಿನ. ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಊರಿಗೆ ಬಂದು ಎರಡು ಮೂರು ವರ್ಷ ನಿಂತುಬಿಡುವವರು ಜಾಸ್ತಿ. ಆಗ ಈ ಲೆಕ್ಕ ತಪ್ಪುತ್ತದೆ. ಇನ್ನು, ಕೆನಡಾ ಪೌರತ್ವ ಸಿಕ್ಕ ಕೂಡಲೇ ಭಾರತದ ಪೌರತ್ವ ತಾನಾಗಿ ಹೋಗುತ್ತದೆ. ಆಮೇಲೆ ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವುದು) ಮಾಡಿಸಿಕೊಳ್ಳಬಹುದು, ಆದರೆ ಅದರಲ್ಲಿ ಮತದಾನದ ಹಕ್ಕಿಲ್ಲ. ಕೃಷಿ ಜಮೀನು, ತೋಟ ಕೊಳ್ಳುವ ಹಾಗೂ ಇಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು.